ಐವರು ಹುಡುಗರು, ಹದಿಮೂರು ವರ್ಷದ ಕರಾರು: ಟಿವಿಎಕ್ಸ್‌ಕ್ಯೂ ತಂಡದ ಪ್ರಕರಣ

2009ರ ಜುಲೈ 4 ಮತ್ತು 5ರಂದು ಜಪಾನಿನ ಟೋಕಿಯೋ ಡೋಮ್ ಕ್ರೀಡಾಂಗಣದಲ್ಲಿ ಐವರು ಕೊರಿಯನ್ ಯುವಕರ ತಂಡವೊಂದು ಹಾಡಿ ಕುಣಿಯಿತು. ಆ ಬೃಹತ್ ವೇದಿಕೆಯ ಮೇಲೆ ಕೊರಿಯಾದ ಗಾಯನ ತಂಡವೊಂದು ನಿಂತದ್ದು ಅದೇ ಮೊದಲು. ಕೊರಿಯಾದಲ್ಲಿ ತೊಂಗ್‌ಬಾಂಗ್‌ಶಿನ್‌ಕಿ, ಜಪಾನಿನಲ್ಲಿ ತೋಹೋಶಿಂಕಿ, ಉಳಿದೆಡೆ ಟಿವಿಎಕ್ಸ್‌ಕ್ಯೂ ಎಂದು ಹೆಸರಾಗಿದ್ದ ಆ ತಂಡಕ್ಕೆ ಅಂದು ಏಷ್ಯಾದಲ್ಲಿ ಸರಿಸಾಟಿಯಾದವರು ಬಹಳ ಮಂದಿ ಇರಲಿಲ್ಲ. ಅದಾದ 26ನೆಯ ದಿನಕ್ಕೆ, ಅಂದರೆ ಜುಲೈ 31ರಂದು, ಐವರಲ್ಲಿ ಮೂವರು, ಅಂದರೆ ಜೇಜುಂಗ್, ಯೂಚುನ್ ಮತ್ತು ಜುನ್ಸು, ಸಿಯೋಲ್‌ನ ಕೇಂದ್ರ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ತಮ್ಮನ್ನು ಬೆಳೆಸಿದ ಎಸ್‌ಎಂ ಎಂಟರ್‌ಟೇನ್‌ಮೆಂಟ್ ಸಂಸ್ಥೆಯ ಕರಾರಿನ ಜಾರಿಯನ್ನು ತಡೆಹಿಡಿಯಬೇಕೆಂದು ಅರ್ಜಿ ಸಲ್ಲಿಸಿದರು.

ಏಳಿಗೆಯ ತುದಿಯಲ್ಲಿದ್ದವರು ಆ ಏಳಿಗೆಯನ್ನೇ ಪಣಕ್ಕಿಟ್ಟು ಏಕೆ ಹೊರಬಂದರು ಎಂಬುದನ್ನು ಅರಿಯದೆ ಕೊರಿಯಾದ ಪಾಪ್ ತಂಡಗಳ ಇತಿಹಾಸ ಅರ್ಥವಾಗುವುದಿಲ್ಲ ಎಂದು ನಾನು ನಂಬಿದ್ದೇನೆ. ಆ ಇತಿಹಾಸವನ್ನು ಹಾಡು, ನೃತ್ಯ, ಮಾರಾಟದ ದಾಖಲೆಗಳ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಆ ತಂಡಗಳನ್ನು ಕಟ್ಟಿದ್ದು ಯಾವ ಕರಾರೋ ಅವುಗಳನ್ನು ಒಡೆದದ್ದೂ ಅದೇ ಕರಾರು. ಇಂದು ಬೆಂಗಳೂರಿನ ಕಾಲೇಜು ಹುಡುಗಿಯೊಬ್ಬಳು ತನ್ನ ಮೆಚ್ಚಿನ ತಂಡಕ್ಕೆ ಆರು ವರ್ಷ ತುಂಬಿತೆಂದರೆ ಕಳವಳಪಡುತ್ತಾಳೆ, ಏಳನೆಯ ವರ್ಷದಲ್ಲಿ ತಂಡ ಉಳಿಯುತ್ತದೋ ಇಲ್ಲವೋ ಎಂದು ದಿನ ಎಣಿಸುತ್ತಾಳೆ. ಆ ಏಳು ವರ್ಷದ ಲೆಕ್ಕಕ್ಕೆ ಬಲ ಬಂದದ್ದು ಇಲ್ಲಿ ವಿವರಿಸುವ ಪ್ರಕರಣದಿಂದ.

ತಂಡ ಕಟ್ಟುವ ಪದ್ಧತಿ ಬೆಳೆದ ಬಗೆ

1992ರಲ್ಲಿ ಸೋ ತೈಜಿ ಮತ್ತು ಅವರ ಇಬ್ಬರು ಗೆಳೆಯರು ದೂರದರ್ಶನದ ಪ್ರತಿಭಾ ಸ್ಪರ್ಧೆಯೊಂದರಲ್ಲಿ ರ‍್ಯಾಪ್ ಮತ್ತು ನೃತ್ಯ ಬೆರೆಸಿದ ಹಾಡನ್ನು ಹಾಡಿದರು. ತೀರ್ಪುಗಾರರು ಅತಿ ಕಡಿಮೆ ಅಂಕ ಕೊಟ್ಟರು, ಹದಿಹರೆಯದವರು ಅದೇ ಹಾಡನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಶಾಲೆ ಕಾಲೇಜಿನ ಮಕ್ಕಳೇ ಸಂಗೀತ ಮಾರುಕಟ್ಟೆಯ ದೊಡ್ಡ ಗಿರಾಕಿಗಳೆಂಬುದು ಆಗ ಎಲ್ಲರಿಗೂ ತಿಳಿದುಹೋಯಿತು. ಆದರೆ ಸೋ ತೈಜಿ ತಮ್ಮ ಹಾಡನ್ನು ತಾವೇ ಬರೆಯುತ್ತಿದ್ದವರು, ತಮಗೆ ಸಾಕೆನಿಸಿದಾಗ, 1996ರ ಜನವರಿಯಲ್ಲಿ, ತಂಡವನ್ನು ವಿಸರ್ಜಿಸಿ ನಡೆದುಬಿಟ್ಟರು. ಹೀಗೆ ಕಲಾವಿದನ ಇಚ್ಛೆಯಂತೆ ಹುಟ್ಟಿ ಅವನ ಇಚ್ಛೆಯಂತೆ ಮುಗಿಯುವ ತಂಡವನ್ನು ನೆಚ್ಚಿಕೊಂಡು ಉದ್ಯಮ ಕಟ್ಟಲಾಗದು ಎಂದು ಯೋಚಿಸಿದವರಲ್ಲಿ ಲೀ ಸೂ-ಮಾನ್ ಮುಖ್ಯರು.

ಲೀ ಸೂ-ಮಾನ್ ಸ್ವತಃ ಗಾಯಕರಾಗಿದ್ದವರು. ಅಮೆರಿಕದಲ್ಲಿ ಓದುತ್ತಿದ್ದಾಗ ಅಲ್ಲಿನ ಸಂಗೀತ ವಾಹಿನಿಗಳ ಅಬ್ಬರವನ್ನು ಕಣ್ಣಾರೆ ಕಂಡು ಊರಿಗೆ ಮರಳಿ, 1989ರಲ್ಲಿ ಒಂದು ಸ್ಟುಡಿಯೋ ತೆರೆದರು. ಅದೇ ಮುಂದೆ 1995ರಲ್ಲಿ ಎಸ್‌ಎಂ ಎಂಟರ್‌ಟೇನ್‌ಮೆಂಟ್ ಆಯಿತು. ಅವರು ಬೆಳೆಸಿದ ಮೊದಲ ಗಾಯಕ ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದು ಸಂಸ್ಥೆಯೇ ಮುಳುಗುವಂತಾಗಿತ್ತು. ಕಲಾವಿದನನ್ನು ಆರಿಸುವುದಷ್ಟೇ ಸಾಲದು, ಬಾಲ್ಯದಿಂದಲೇ ತಿದ್ದಿ ಬೆಳೆಸಬೇಕು ಎಂಬ ನಿಲುವಿಗೆ ಆ ಪೆಟ್ಟೂ ಒಂದು ಕಾರಣವಾಯಿತು. 1996ರ ಸೆಪ್ಟೆಂಬರ್‌ನಲ್ಲಿ ಅವರು ಎಚ್‌ಓಟಿ ಎಂಬ ಐವರು ಹುಡುಗರ ತಂಡವನ್ನು ವೇದಿಕೆಗೆ ತಂದರು. ಹುಡುಗರನ್ನು ಆರಿಸಿದ್ದು, ಹಾಡು ಕೊಡಿಸಿದ್ದು, ಹೆಜ್ಜೆ ಕಲಿಸಿದ್ದು, ಯಾರು ಯಾವ ಬಣ್ಣದ ಬಟ್ಟೆ ತೊಡಬೇಕೆಂದು ಗೊತ್ತುಮಾಡಿದ್ದು, ಎಲ್ಲವೂ ಸಂಸ್ಥೆಯ ಕೈಯಲ್ಲೇ ನಡೆಯಿತು. ಆ ಮಾದರಿ ಗೆದ್ದಿತು. ಮರುವರ್ಷಗಳಲ್ಲಿ ಸೆಕ್ಸ್‌ಕೀಸ್, ಎಸ್‌ಇಎಸ್, ಫಿಂಕಲ್, ಶಿನ್ಹ್ವಾ ತಂಡಗಳು ಸಾಲಾಗಿ ಬಂದವು. 2000ನೇ ಇಸವಿಯ ಫೆಬ್ರವರಿಯಲ್ಲಿ ಎಚ್‌ಓಟಿ ಬೀಜಿಂಗ್‌ನಲ್ಲಿ ಹಾಡಿದಾಗ ಚೀನಾದ ಪತ್ರಿಕೆಗಳು ಈ ಪ್ರವಾಹಕ್ಕೆ ಕೊರಿಯನ್ ಅಲೆ ಎಂಬ ಹೆಸರನ್ನು ಗಟ್ಟಿಮಾಡಿದವು.

ಆ ಯಶಸ್ಸಿನ ಮರುವರ್ಷವೇ, 2001ರಲ್ಲಿ, ಕರಾರಿನ ವಿಚಾರದಲ್ಲಿ ಮನಸ್ತಾಪ ಬೆಳೆದು ಎಚ್‌ಓಟಿ ಒಡೆಯಿತು. ಮೂವರು ಹೊರಗೆ ಹೋದರು, ಇಬ್ಬರು ಸಂಸ್ಥೆಯಲ್ಲೇ ಉಳಿದರು. ಎಂಟು ವರ್ಷಗಳ ನಂತರ ಟಿವಿಎಕ್ಸ್‌ಕ್ಯೂ ಒಡೆದಾಗಲೂ ಲೆಕ್ಕ ಅದೇ ಆಗಿತ್ತು: ಮೂವರು ಹೊರಗೆ, ಇಬ್ಬರು ಒಳಗೆ. ಎಚ್‌ಓಟಿಯಿಂದ ಸಂಸ್ಥೆ ಕಲಿತ ಪಾಠವೆಂದರೆ ಮುಂದಿನ ಕರಾರು ಇನ್ನಷ್ಟು ಬಿಗಿಯಾಗಿರಬೇಕು ಎಂಬುದು. ಆ ಪಾಠ ತಪ್ಪಾಗಿತ್ತೆಂಬುದು ನನ್ನ ಅಭಿಪ್ರಾಯ. ಈ ಪ್ರಕರಣದ ಬೀಜ ಅಲ್ಲಿಯೇ ಬಿದ್ದಿತು.

ಐವರು

2003ರ ಡಿಸೆಂಬರ್ 26ರಂದು, ಎಸ್‌ಬಿಎಸ್ ವಾಹಿನಿ ಪ್ರಸಾರ ಮಾಡಿದ ವಿಶೇಷ ಸಂಗೀತ ಕಾರ್ಯಕ್ರಮವೊಂದರಲ್ಲಿ ಟಿವಿಎಕ್ಸ್‌ಕ್ಯೂ ಮೊದಲ ಬಾರಿಗೆ ಜನರ ಮುಂದೆ ಬಂದಿತು. ಗ್ವಾಂಗ್‌ಜು ನಗರದ ಯುನ್ಹೋ, ಹದಿನೈದರ ಹರೆಯದಲ್ಲಿ ಗೊಂಗ್‌ಜು ಬಿಟ್ಟು ಸಿಯೋಲ್‌ಗೆ ಬಂದು ಸಿಕ್ಕಿದ ಕೂಲಿ ಮಾಡುತ್ತಾ ಹಾಡು ಕಲಿತ ಜೇಜುಂಗ್, ಅಮೆರಿಕದಲ್ಲಿ ಬೆಳೆದು ಮರಳಿದ ಯೂಚುನ್, ಹನ್ನೆರಡರ ಆಸುಪಾಸಿನಲ್ಲೇ ಸಂಸ್ಥೆಗೆ ಸೇರಿ ಆರು ವರ್ಷದಷ್ಟು ಕಾಲ ತರಬೇತಿ ಪಡೆದ ಜುನ್ಸು, ಎಲ್ಲರಿಗಿಂತ ಕಿರಿಯನಾದ ಚಾಂಗ್‌ಮಿನ್. ಅಂದು ಚಾಂಗ್‌ಮಿನ್‌ಗೆ ಹದಿನೈದು ವರ್ಷ, ಉಳಿದವರಿಗೆ ಹದಿನೇಳರ ಆಸುಪಾಸು. ಇವರ ವಿಶೇಷವೆಂದರೆ ಐವರೂ ಹಾಡಬಲ್ಲವರು. ವಾದ್ಯಗಳನ್ನು ನಿಲ್ಲಿಸಿ ಬರಿಯ ಕಂಠಗಳಿಂದಲೇ ಸ್ವರಮೇಳ ಕಟ್ಟುವುದರ ಜೊತೆಗೆ ಕಠಿಣ ನೃತ್ಯವನ್ನೂ ಮಾಡುತ್ತಿದ್ದರು.

ಅಭಿಮಾನಿಗಳ ಕೂಟಕ್ಕೆ ಕ್ಯಾಸಿಯೋಪಿಯ ಎಂದು ಹೆಸರಾಯಿತು. ಅದು ಐದು ಪ್ರಕಾಶಮಾನ ನಕ್ಷತ್ರಗಳ ಪುಂಜ. ಐವರಿಗೆ ಐದು ಚುಕ್ಕಿ ಎಂಬ ಭಾವ. ನಮ್ಮ ಕನ್ನಡದ ಖಗೋಳ ಪುಸ್ತಕಗಳಲ್ಲಿ ಅದೇ ನಕ್ಷತ್ರಪುಂಜಕ್ಕೆ ಕುಂತಿ ಎಂಬ ಹೆಸರಿದೆ. ಐವರು ಮಕ್ಕಳ ತಾಯಿಯ ಹೆಸರು ಐವರ ಅಭಿಮಾನಿಗಳಿಗೂ ಒಪ್ಪುವಂತಿರುವುದನ್ನು ಕಂಡು ನನ್ನ ಮನಸ್ಸು ತುಂಬಿ ಬಂದಿದ್ದುಂಟು, ಏಕೆಂದರೆ ಮುಂದೆ ಆ ಅಭಿಮಾನಿಗಳು ಪಟ್ಟ ಸಂಕಟವೂ ತಾಯಿಯ ಸಂಕಟದಂಥದೇ ಆಗಿತ್ತು. ಅವರ ಬಣ್ಣ ಮುತ್ತಿನ ಹೊಳಪಿನ ಕೆಂಪು. ಸಭಾಂಗಣದ ಕತ್ತಲಲ್ಲಿ ಆ ಕೆಂಪು ಬಲೂನುಗಳು ಮೇಲೆ ಕೆಳಗೆ ಆಡತೊಡಗಿದರೆ ನೆಲವೇ ಅಲೆಯೆದ್ದಂತೆ ಕಾಣುತ್ತಿತ್ತು.

2005ರಲ್ಲಿ ತಂಡವನ್ನು ಜಪಾನಿಗೆ ಕಳುಹಿಸಲಾಯಿತು. ಕೊರಿಯಾದಲ್ಲಿ ಸಿಡಿ ಮಾರಾಟ ಕುಸಿಯುತ್ತಿದ್ದ ಕಾಲವದು, ಜಪಾನ್ ಜಗತ್ತಿನ ಎರಡನೆಯ ಅತಿ ದೊಡ್ಡ ಸಂಗೀತ ಮಾರುಕಟ್ಟೆ. ಅದೇ ಸಂಸ್ಥೆಯ ಬೋವಾ ಎಂಬ ಬಾಲಗಾಯಕಿ ಅಲ್ಲಿ ಆಗಲೇ ದಾರಿ ಮಾಡಿದ್ದಳು. 2002ರಲ್ಲಿ ಅವಳ ಆಲ್ಬಂ ಜಪಾನಿನ ಸಂಗೀತ ಮಾರಾಟದ ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಆದರೆ ಈ ಐವರಿಗೆ ಜಪಾನ್ ಸುಲಭವಾಗಿ ಒಲಿಯಲಿಲ್ಲ. ತಾಯ್ನಾಡಿನಲ್ಲಿ ಸಾವಿರಾರು ಜನರ ಮುಂದೆ ಹಾಡುತ್ತಿದ್ದವರು ಅಲ್ಲಿ ಭಾಷೆಯನ್ನು ಅ ಆ ಇ ಈ ಯಿಂದ ಕಲಿತು, ಚಿಕ್ಕ ಸಭಾಂಗಣಗಳಲ್ಲಿ ಹೊಸಬರಂತೆ ಹಾಡಬೇಕಾಯಿತು. 2008ರ ಜನವರಿಯಲ್ಲಿ ಅವರ ಹಾಡೊಂದು ಒರಿಕಾನ್ ಸಿಂಗಲ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿತು; ಆ ವರ್ಷಾಂತ್ಯದಲ್ಲಿ, ಜಪಾನಿನ ಮನೆಮನೆಯಲ್ಲಿ ನೋಡುವ ಕೋಹಾಕು ಹಾಡಿನ ಸಂಜೆಗೆ ಅವರನ್ನು ಆಹ್ವಾನಿಸಲಾಯಿತು. ಅದೇ 2008ರಲ್ಲಿ ಕೊರಿಯಾದಲ್ಲಿ ಹೊರಬಂದ ಮಿರೋಟಿಕ್ ಆಲ್ಬಂ ಆ ದಿನಗಳಲ್ಲಿ ಅಪರೂಪವೆನಿಸಿದ್ದ ಮಟ್ಟದ ಮಾರಾಟವನ್ನು ಕಂಡಿತು.

ಈ ಏಳಿಗೆಯನ್ನು ಕೊಂಚ ವಿಸ್ತರಿಸಿ ಹೇಳಿದ್ದಕ್ಕೆ ಕಾರಣವಿದೆ. ಸಂಸ್ಥೆಯ ವಾದವೂ ಗಾಯಕರ ವಾದವೂ ನಿಂತಿರುವುದು ಇದರ ಮೇಲೆಯೇ. ನಾವು ಹಣ ಸುರಿದು, ವರ್ಷಗಟ್ಟಲೆ ಕಾದು ಬೆಳೆಸಿದೆವು ಎಂದು ಸಂಸ್ಥೆ ಹೇಳಿತು. ಆ ವರ್ಷಗಳನ್ನು ದೇಹ ಸವೆಸಿ ದುಡಿದವರು ನಾವು ಎಂದು ಗಾಯಕರು ಹೇಳಿದರು.

ಕರಾರಿನಲ್ಲಿ ಏನಿತ್ತು

ಕರಾರಿನ ಅವಧಿ ಮೊದಲ ಹಾಡು ಬಿಡುಗಡೆಯಾದ ದಿನದಿಂದ ಹದಿಮೂರು ವರ್ಷ. ಕೊರಿಯಾದ ಗಂಡಸರಿಗೆ ಕಡ್ಡಾಯವಾದ ಸುಮಾರು ಎರಡು ವರ್ಷದ ಸೈನಿಕ ಸೇವೆ ಅದರಲ್ಲಿ ಸೇರುತ್ತಿರಲಿಲ್ಲ, ಆದ್ದರಿಂದ ನಿಜವಾದ ಅವಧಿ ಹದಿನೈದು ವರ್ಷ. ನಡುವೆ ಬಿಟ್ಟುಹೋದರೆ ತೆರಬೇಕಾದ ಪರಿಹಾರವೆಂದರೆ ಸಂಸ್ಥೆ ಹೂಡಿದ ಒಟ್ಟು ಬಂಡವಾಳದ ಮೂರು ಪಟ್ಟು, ಅದರ ಮೇಲೆ ಉಳಿದ ಅವಧಿಯಲ್ಲಿ ಬರಬಹುದಾಗಿದ್ದ ಲಾಭದ ಎರಡು ಪಟ್ಟು. ಅರ್ಜಿದಾರರ ಹೇಳಿಕೆಯಂತೆ, ಆಲ್ಬಂ ಒಂದು 5 ಲಕ್ಷ ಪ್ರತಿಗಿಂತ ಹೆಚ್ಚು ಮಾರಾಟವಾದರೆ ಮಾತ್ರ, ಮುಂದಿನ ಆಲ್ಬಂ ಬರುವಾಗ ತಲಾ 1 ಕೋಟಿ ವೊನ್ (ಕೊರಿಯಾದ ನಾಣ್ಯ) ಸಿಗುತ್ತಿತ್ತು. 5 ಲಕ್ಷ ತಲುಪದಿದ್ದರೆ ಆಲ್ಬಂ ಮಾರಾಟದಿಂದ ಏನೂ ಇಲ್ಲ. 2009ರ ಫೆಬ್ರವರಿಯಲ್ಲಿ ಈ ಷರತ್ತನ್ನು ತಿದ್ದಿದ ಮೇಲೂ ಒಬ್ಬೊಬ್ಬರಿಗೆ ಸಿಗುವ ಪಾಲು ಮಾರಾಟಕ್ಕೆ ತಕ್ಕಂತೆ ಶೇ 0.4ರಿಂದ ಶೇ 1ರವರೆಗೆ ಮಾತ್ರ ಎಂದು ಅವರು ಹೇಳಿದರು.

ಈ ಸಾಲುಗಳನ್ನು ನಿಧಾನವಾಗಿ ಓದಬೇಕು. ಬಂಡವಾಳದ ಮೂರು ಪಟ್ಟು ಎಂದರೆ ಸಂಸ್ಥೆ ಹೆಚ್ಚು ಖರ್ಚು ಮಾಡಿದಷ್ಟೂ ಹುಡುಗನ ಬೇಡಿ ಭಾರವಾಗುತ್ತದೆ. ಬರಬಹುದಾದ ಲಾಭದ ಎರಡು ಪಟ್ಟು ಎಂದರೆ ಹುಡುಗ ಹೆಚ್ಚು ಪ್ರಸಿದ್ಧನಾದಷ್ಟೂ ಅದು ಇನ್ನೂ ಭಾರವಾಗುತ್ತದೆ. ಬೇರೆ ಕಸುಬುಗಳಲ್ಲಿ ಕೆಲಸಗಾರನ ಹೆಸರು ಬೆಳೆದಂತೆ ಅವನ ಮಾತಿಗೆ ಬೆಲೆ ಬರುತ್ತದೆ, ಮಾಲೀಕನೊಡನೆ ಚೌಕಾಸಿ ಮಾಡುವ ಶಕ್ತಿ ಬರುತ್ತದೆ. ಈ ಕರಾರಿನಲ್ಲಿ ಗೆಲುವೇ ಬಿಡುಗಡೆಯ ದಾರಿಯನ್ನು ಮುಚ್ಚುತ್ತಿತ್ತು. ಕೊರಿಯಾದ ಪತ್ರಿಕೆಗಳು ಗುಲಾಮಗಿರಿಯ ಕರಾರು ಎಂಬ ಪದವನ್ನು ಧಾರಾಳವಾಗಿ ಬಳಸಿದವು. ಆ ಪದವನ್ನು ನಾನು ಎಚ್ಚರದಿಂದಲೇ ಬಳಸಬಯಸುತ್ತೇನೆ, ಏಕೆಂದರೆ ಗುಲಾಮಗಿರಿ ಎಂಬುದಕ್ಕೆ ಜಗತ್ತಿನ ಚರಿತ್ರೆಯಲ್ಲಿ ಬೇರೆಯದೇ ಆದ ಘೋರ ಅರ್ಥವಿದೆ. ಆದರೆ ಹದಿನೈದು, ಹದಿನೇಳರ ಮಕ್ಕಳು ತಮ್ಮ ಮೂವತ್ತರವರೆಗಿನ ಬಾಳನ್ನು ಒಂದು ಸಹಿಯಲ್ಲಿ ಬರೆದುಕೊಟ್ಟದ್ದನ್ನು ಕೇವಲ ವ್ಯಾಪಾರದ ಮಾತೆಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಸಂಸ್ಥೆಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ತರಬೇತಿಗೆ ಸೇರಿದವರಲ್ಲಿ ವೇದಿಕೆ ಕಾಣುವವರು ಕೆಲವರೇ. ಹಾಡು, ಕುಣಿತ, ಭಾಷೆ, ಊಟ, ವಸತಿ ಎಂದು ಎಲ್ಲರ ಮೇಲೂ ಹಣ ಖರ್ಚಾಗುತ್ತದೆ. ವೇದಿಕೆ ಕಂಡ ತಂಡಗಳಲ್ಲೂ ಹೆಚ್ಚಿನವು ಸೋಲುತ್ತವೆ. ಗೆದ್ದ ಒಂದು ತಂಡವೇ ಸೋತ ಎಲ್ಲರ ಖರ್ಚನ್ನೂ ತೂಗಬೇಕು. ಕರಾರನ್ನು ಐದು ಬಾರಿ ತಂಡಕ್ಕೆ ಅನುಕೂಲವಾಗುವಂತೆ ತಿದ್ದಲಾಗಿತ್ತೆಂದೂ, ಮೊದಲ ದಿನದಿಂದ 2009ರ ಜುಲೈವರೆಗೆ ಐವರಿಗೆ ಒಟ್ಟು 1,100 ಕೋಟಿ ವೊನ್ ಕೊಡಲಾಗಿದೆಯೆಂದೂ ಸಂಸ್ಥೆ ತಿಳಿಸಿತು. ಮೂವರು ಹಣ ಹೂಡಿದ್ದ ಸೌಂದರ್ಯವರ್ಧಕಗಳ ವ್ಯಾಪಾರವೇ ಈ ಜಗಳದ ಮೂಲವೆಂಬುದು ಅದರ ಆರೋಪವಾಗಿತ್ತು. ಮೂವರು ಅದನ್ನು ನಿರಾಕರಿಸಿದರು. ಹಣ ಎಷ್ಟು ಬಂತು ಎಂಬ ಈ ವಾದದಲ್ಲಿ ಅನೇಕರು ಸಿಲುಕಿಕೊಂಡು ಅವಧಿಯ ಪ್ರಶ್ನೆಯನ್ನು ಮರೆತರು. ಒಳ್ಳೆಯ ಸಂಬಳ ಬಂದಿದ್ದರೂ ಹದಿಮೂರು ವರ್ಷ ಹದಿಮೂರು ವರ್ಷವೇ.

ಏಳು ವರ್ಷದ ಮಾದರಿ ಮೊದಲೋ, ದಾವೆ ಮೊದಲೋ

ಟಿವಿಎಕ್ಸ್‌ಕ್ಯೂ ಪ್ರಕರಣದಿಂದ ಏಳು ವರ್ಷದ ನಿಯಮ ಹುಟ್ಟಿತು ಎಂದು ಅಭಿಮಾನಿಗಳು ಹೇಳುವುದುಂಟು, ಲೇಖನಗಳಲ್ಲೂ ಹಾಗೆಯೇ ಬರೆಯುವುದುಂಟು. ತಾರೀಖುಗಳನ್ನು ನೋಡಿದರೆ ಅದು ಹಾಗಿಲ್ಲ. ಮನರಂಜನಾ ಸಂಸ್ಥೆಗಳ ಕರಾರುಗಳಲ್ಲಿ ಅನ್ಯಾಯದ ಷರತ್ತುಗಳಿವೆಯೆಂದು ಕೊರಿಯಾದ ನ್ಯಾಯಸಮ್ಮತ ವ್ಯಾಪಾರ ಆಯೋಗ 2008ರಲ್ಲೇ ಗುರುತಿಸಿತ್ತು. 2009ರ ಮಾರ್ಚ್‌ನಲ್ಲಿ ಯುವ ನಟಿಯೊಬ್ಬಳು ಸಾವಿಗೀಡಾಗಿ, ಆ ಉದ್ಯಮದಲ್ಲಿ ಕಿರಿಯರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ದೇಶವೇ ಮರುಗಿತು. ಆ ವರ್ಷದ ಜುಲೈ ಆರಂಭದಲ್ಲಿ ಆಯೋಗ ಒಂದು ಮಾದರಿ ಕರಾರನ್ನು ಪ್ರಕಟಿಸಿ, ಗಾಯಕರ ಕರಾರಿನ ಅವಧಿಗೆ ಏಳು ವರ್ಷದ ಮಿತಿಯನ್ನು ಇಟ್ಟಿತು. ಮೂವರು ನ್ಯಾಯಾಲಯಕ್ಕೆ ಹೋದದ್ದು ಅದೇ ತಿಂಗಳ ಕೊನೆಯ ದಿನ.

ಅಂದರೆ ಕಾಗದದ ಮೇಲೆ ಏಳು ವರ್ಷ ಮೊದಲೇ ಇತ್ತು. ಆದರೆ ಮಾದರಿ ಕರಾರು ಎಂಬುದು ಶಿಫಾರಸು, ಹಳೆಯ ಕರಾರುಗಳನ್ನು ತಾನೇ ಬಿಡಿಸುವ ಶಾಸನವಲ್ಲ. ಲೆಕ್ಕ ಹಾಕಿ ನೋಡಿದರೆ ಇದರ ತೂಕ ತಿಳಿಯುತ್ತದೆ. 2003ರ ಡಿಸೆಂಬರ್‌ನಿಂದ ಏಳು ವರ್ಷವೆಂದರೆ 2010ರ ಡಿಸೆಂಬರ್. ದಾವೆ ಹೂಡುವ ಹೊತ್ತಿಗೆ ಉಳಿದಿರುತ್ತಿದ್ದುದು ಹದಿನೇಳು ತಿಂಗಳು ಮಾತ್ರ. ಅವರ ಕೈಯಲ್ಲಿದ್ದ ಕರಾರಿನಂತೆ 2016ರ ಕೊನೆಯವರೆಗೆ, ಸೈನ್ಯದ ದಿನಗಳನ್ನು ಕೂಡಿಸಿದರೆ 2018ರ ಕೊನೆಯವರೆಗೆ, ಅವರು ಕಟ್ಟುಬಿದ್ದಿದ್ದರು. ಸರ್ಕಾರದ ಆಯೋಗವೇ ಏಳು ವರ್ಷ ಸಾಕೆಂದು ಹೇಳಿದ ಮೇಲೆ, ಇನ್ನೂ ಒಂಬತ್ತು ವರ್ಷ ಕಾಯಬೇಕೆಂಬುದನ್ನು ಇಪ್ಪತ್ಮೂರರ ಯುವಕ ಹೇಗೆ ಒಪ್ಪಿಯಾನು?

2009ರ ಅಕ್ಟೋಬರ್ 27ರಂದು ನ್ಯಾಯಾಲಯ ಅರ್ಜಿಯನ್ನು ಭಾಗಶಃ ಪುರಸ್ಕರಿಸಿತು. ಕರಾರನ್ನು ಇಡಿಯಾಗಿ ರದ್ದು ಮಾಡಲಿಲ್ಲ. ಕರಾರು ಗಾಯಕರ ಮೇಲೆ ಮಿತಿಮೀರಿದ ಹೊರೆ ಹೊರಿಸಿ, ಅವರ ಆರ್ಥಿಕ ಸ್ವಾತಂತ್ರ್ಯವನ್ನೂ ಮೂಲಭೂತ ಹಕ್ಕನ್ನೂ ಅತಿಯಾಗಿ ಮೊಟಕುಗೊಳಿಸುವಂತೆ ಕಾಣುತ್ತದೆ ಎಂಬ ನೆಲೆಯಲ್ಲಿ, ಮೂವರ ಇಚ್ಛೆಗೆ ವಿರುದ್ಧವಾಗಿ ಅವರ ಪರವಾಗಿ ಬೇರೆಯವರೊಡನೆ ಒಪ್ಪಂದ ಮಾಡಕೂಡದು, ಅವರ ಸ್ವತಂತ್ರ ಚಟುವಟಿಕೆಗೆ ಅಡ್ಡಿಪಡಿಸಕೂಡದು ಎಂದು ಸಂಸ್ಥೆಗೆ ಆದೇಶಿಸಿತು. ದೀರ್ಘಾವಧಿಯ ಕರಾರಿನ ವಿರುದ್ಧ 1 ಲಕ್ಷ 20 ಸಾವಿರ ಅಭಿಮಾನಿಗಳು ಮನವಿ ಸಲ್ಲಿಸಿದ್ದರು. ಬಲೂನು ಹಿಡಿದು ಕೂಗುವ ಹುಡುಗಿಯರೆಂದು ಲಘುವಾಗಿ ಕಾಣಲಾಗುತ್ತಿದ್ದವರು ಕರಾರಿನ ಷರತ್ತುಗಳನ್ನು ಓದಿ, ತಿಳಿದು, ಸಹಿ ಸಂಗ್ರಹಿಸಿದರು. ಈ ಪ್ರಕರಣದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಸಂಗತಿ ಇದು.

ಒಡೆದ ಮೇಲೆ

2010ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ತಂಡದ ಹಾಡುಗಳನ್ನು ಹೊರತರುತ್ತಿದ್ದ ಏವೆಕ್ಸ್ ಸಂಸ್ಥೆ ಐವರ ತಂಡದ ಚಟುವಟಿಕೆ ಸ್ಥಗಿತವಾಯಿತೆಂದು ಪ್ರಕಟಿಸಿತು. ಅದೇ ತಿಂಗಳು ಎಸ್‌ಎಂ ಸಂಸ್ಥೆ, ಕರಾರು ಸಿಂಧುವೆಂದು ಘೋಷಿಸಬೇಕೆಂದು ಕೋರಿ ಮೂಲ ದಾವೆ ಹೂಡಿತು. ಮೂವರು ಜೆವೈಜೆ ಎಂಬ ಹೆಸರಿನಲ್ಲಿ ಹೊಸ ತಂಡವಾದರು. ಯುನ್ಹೋ ಮತ್ತು ಚಾಂಗ್‌ಮಿನ್ ಹಳೆಯ ಹೆಸರನ್ನು ಉಳಿಸಿಕೊಂಡು 2011ರ ಜನವರಿಯಲ್ಲಿ ಇಬ್ಬರೇ ವೇದಿಕೆಗೆ ಮರಳಿದರು. ಉಳಿದವರನ್ನು ಹೇಡಿಗಳೆಂದೂ ಹೋದವರನ್ನು ದ್ರೋಹಿಗಳೆಂದೂ ಬೈದ ಮಾತುಗಳು ಆಗ ಬಹಳ ಕೇಳಿಬಂದವು. ಎರಡೂ ಅನ್ಯಾಯದ ಮಾತುಗಳು. ಒಂದೇ ಕೋಣೆಯಲ್ಲಿ ಮಲಗೆದ್ದು, ಒಂದೇ ಪಾತ್ರೆಯ ಅನ್ನ ತಿಂದು ಬೆಳೆದ ಐವರು ಒಂದೇ ಕರಾರನ್ನು ಎರಡು ಬಗೆಯಲ್ಲಿ ಓದಿದರು. ಐವರ ಧ್ವನಿಗೆಂದು ಹೆಣೆದ ಹಾಡುಗಳನ್ನು ಇಬ್ಬರೇ ಹಾಡಿ ತುಂಬಿಸಿದ ಯುನ್ಹೋ ಮತ್ತು ಚಾಂಗ್‌ಮಿನ್ 2013ರ ಆಗಸ್ಟ್‌ನಲ್ಲಿ ಜಪಾನಿನ ನಿಸ್ಸಾನ್ ಕ್ರೀಡಾಂಗಣದಲ್ಲಿ ಹಾಡಿದ ಮೊದಲ ಕೊರಿಯನ್ ತಂಡವಾದರು. ಆ ಸಾಧನೆ ಯಾರ ದಾಕ್ಷಿಣ್ಯದಿಂದಲೂ ಬಂದದ್ದಲ್ಲ.

ಜೆವೈಜೆಯ ಕಥೆ ಬೇರೆಯೇ ಆಯಿತು. ನ್ಯಾಯಾಲಯ ಬಾಗಿಲು ತೆರೆದಿತ್ತು, ಉದ್ಯಮ ಅದನ್ನು ಹೊರಗಿನಿಂದ ಮುಚ್ಚಿತು. ಕೊರಿಯಾದಲ್ಲಿ ಹೊಸ ಹಾಡು ಜನರನ್ನು ತಲುಪುವುದು ವಾರವಾರವೂ ನಡೆಯುವ ದೂರದರ್ಶನದ ಸಂಗೀತ ಕಾರ್ಯಕ್ರಮಗಳ ಮೂಲಕ. ಆ ಕಾರ್ಯಕ್ರಮಗಳಿಗೆ ತಾರೆಗಳನ್ನು ಕಳುಹಿಸುವವು ದೊಡ್ಡ ಸಂಸ್ಥೆಗಳೇ. ಜೆವೈಜೆಗೆ ಅಲ್ಲಿ ಜಾಗ ಸಿಗಲಿಲ್ಲ. 2010ರಲ್ಲಿ ಎಸ್‌ಎಂ ಮತ್ತು ಜನಪ್ರಿಯ ಸಂಸ್ಕೃತಿ ಉದ್ಯಮದ ಒಕ್ಕೂಟವೊಂದು ಪ್ರಸಾರ ಸಂಸ್ಥೆಗಳೂ ಹಾಡು ಹಂಚುವ ಸಂಸ್ಥೆಗಳೂ ಸೇರಿ ಒಟ್ಟು 26 ಕಡೆಗೆ, ಜೆವೈಜೆಗೆ ಅವಕಾಶ ಕೊಡಬಾರದೆಂಬ ಧಾಟಿಯ ಪತ್ರ ಕಳುಹಿಸಿದ್ದವೆಂದು ವ್ಯಾಪಾರ ಆಯೋಗ 2013ರ ಜುಲೈನಲ್ಲಿ ತೀರ್ಮಾನಿಸಿ, ಅಡ್ಡಿಪಡಿಸುವುದನ್ನು ನಿಲ್ಲಿಸಲು ಆದೇಶಿಸಿತು. ಅಷ್ಟರಲ್ಲಿ 2012ರ ನವೆಂಬರ್ 28ರಂದು ಎರಡೂ ಪಕ್ಷಗಳು ನ್ಯಾಯಾಲಯದಲ್ಲಿ ರಾಜಿಯಾಗಿ, ಎಲ್ಲ ಕರಾರುಗಳನ್ನೂ ಮುಗಿಸಿ, ಇನ್ನು ಮುಂದೆ ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕುವುದಿಲ್ಲವೆಂದು ಒಪ್ಪಿಕೊಂಡಿದ್ದವು. ಹಾಗಾಗಿ ಹದಿಮೂರು ವರ್ಷದ ಕರಾರು ಸಿಂಧುವೇ ಅಲ್ಲವೇ ಎಂಬುದಕ್ಕೆ ಆ ಮೂಲ ದಾವೆಯಲ್ಲಿ ಅಂತಿಮ ತೀರ್ಪು ಬರಲೇ ಇಲ್ಲ.

ಮುಚ್ಚಿದ ಬಾಗಿಲ ಪಕ್ಕದಲ್ಲಿ ಮೂವರೂ ಬೇರೆ ದಾರಿ ಹುಡುಕಿಕೊಂಡರು. ಜುನ್ಸು 2010ರ ಜನವರಿಯಲ್ಲಿ ಸಿಯೋಲ್‌ನ ಸೆಜೊಂಗ್ ಕೇಂದ್ರದಲ್ಲಿ ಮೊತ್ಸಾರ್ಟ್ ಕುರಿತ ಸಂಗೀತ ನಾಟಕದ ಮುಖ್ಯ ಪಾತ್ರ ವಹಿಸಿದರು. ಸಂಗೀತ ನಾಟಕಕ್ಕೆ ದೂರದರ್ಶನದ ಹಂಗಿಲ್ಲ. ಟಿಕೆಟ್ ಕೊಂಡವರು ಬರುತ್ತಾರೆ, ಪರದೆ ಏಳುತ್ತದೆ. ಆ ರಂಗ ಅವರನ್ನು ಕಾಪಾಡಿತು, ಅವರಿಂದಾಗಿ ಕೊರಿಯಾದ ಸಂಗೀತ ನಾಟಕಗಳಿಗೂ ಹೊಸ ಪ್ರೇಕ್ಷಕರು ಬಂದರು.

2015ರ ಏಪ್ರಿಲ್‌ನಲ್ಲಿ ಶೈಕ್ಷಣಿಕ ವಾಹಿನಿಯಾದ ಇಬಿಎಸ್, ತನ್ನ ಚಿಕ್ಕ ಸಭಾಂಗಣದಲ್ಲಿ ನಡೆಸುವ ಸಂಗೀತ ಕಾರ್ಯಕ್ರಮಕ್ಕೆ ಜುನ್ಸುವನ್ನು ಕರೆಯಿತು. ದೂರದರ್ಶನದ ಸಂಗೀತ ವೇದಿಕೆಯಲ್ಲಿ ಅವರು ಹಾಡಿ ಆರು ವರ್ಷವಾಗಿತ್ತು. ಅಬ್ಬರದ ದೀಪಗಳಿಲ್ಲ, ಕುಣಿಯುವವರಿಲ್ಲ, ಎದುರಿಗೆ ಕೈಯಳತೆಯಲ್ಲಿ ಕುಳಿತ ಕೆಲವೇ ಜನ. ಕ್ರೀಡಾಂಗಣಗಳನ್ನು ತುಂಬಿಸಿದ್ದ ಗಾಯಕ ಅಲ್ಲಿ ಹಾಡುತ್ತಾ ಕಣ್ಣೀರು ತಡೆಯಲಾರದೆ ಹೋದರು. ಆ ವರ್ಷದ ನವೆಂಬರ್‌ನಲ್ಲಿ ಕೊರಿಯಾದ ರಾಷ್ಟ್ರೀಯ ಸಭೆ ಪ್ರಸಾರ ಕಾಯ್ದೆಗೆ ತಿದ್ದುಪಡಿ ತಂದು, ಮೂರನೆಯವರ ಒತ್ತಾಯಕ್ಕೆ ಮಣಿದು ಸಕಾರಣವಿಲ್ಲದೆ ಕಲಾವಿದರನ್ನು ಕಾರ್ಯಕ್ರಮಗಳಿಂದ ದೂರವಿಡುವುದನ್ನು ನಿಷೇಧಿಸಿತು. ಜನ ಅದನ್ನು ಜೆವೈಜೆ ಕಾನೂನು ಎಂದೇ ಕರೆಯುತ್ತಾರೆ.

ಉಳಿದ ತಂಡಗಳಿಗೆ ಆದದ್ದು

2009ರ ಆದೇಶ ಬಂದ ಎರಡು ತಿಂಗಳೊಳಗೆ ಅದೇ ಸಂಸ್ಥೆಯ ಸೂಪರ್ ಜೂನಿಯರ್ ತಂಡದ ಚೀನೀ ಗಾಯಕ ಹಾನ್ ಗೆಂಗ್ ಕೂಡ ನ್ಯಾಯಾಲಯಕ್ಕೆ ಹೋದರು. ಹೊಸ ತಂಡಗಳ ಕರಾರುಗಳು ಏಳು ವರ್ಷಕ್ಕೆ ಇಳಿದವು, ಅದರ ಫಲ ಏಳು ವರ್ಷಗಳ ನಂತರ ಕಾಣಿಸಿತು. 2009ರಲ್ಲಿ ಬಂದ 2ಎನ್‌ಇ1 ಮತ್ತು 4ಮಿನಿಟ್ 2016ರಲ್ಲಿ ಮುಗಿದವು. 2010ರಲ್ಲಿ ಬಂದ ಸಿಸ್ಟಾರ್ 2017ರಲ್ಲಿ ಮುಗಿಯಿತು. 2015ರಲ್ಲಿ ಬಂದ ಜಿಫ್ರೆಂಡ್ ಏಳು ವರ್ಷವನ್ನೂ ಕಾಣದೆ 2021ರಲ್ಲಿ ನಿಂತಿತು. ಅಭಿಮಾನಿಗಳು ಇದನ್ನು ಏಳು ವರ್ಷದ ಶಾಪ ಎನ್ನುತ್ತಾರೆ. ಪ್ರೀತಿಯ ತಂಡ ಮುರಿದಾಗ ಆಗುವ ದುಃಖ ನನಗೂ ಗೊತ್ತು, ಆದರೂ ಶಾಪ ಎಂಬ ಮಾತನ್ನು ನಾನು ಒಪ್ಪಲಾರೆ. ಮೊದಲು ತಂಡದಿಂದ ಹೊರಬರಲು ದಾವೆ ಹೂಡಬೇಕಿತ್ತು, ಈಗ ಅವಧಿ ಮುಗಿದ ದಿನ ಕೈಕುಲುಕಿ ಹೊರಡಬಹುದು ಅಥವಾ ಉಳಿಯಲು ಷರತ್ತು ಹಾಕಬಹುದು. 2013ರ ಜೂನ್‌ನಲ್ಲಿ ಬಂದ ಬಿಟಿಎಸ್ ತಂಡ ಅವಧಿ ಮುಗಿಯಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಇರುವಾಗಲೇ, 2018ರ ಅಕ್ಟೋಬರ್‌ನಲ್ಲಿ, ಇನ್ನೂ ಏಳು ವರ್ಷಕ್ಕೆ ಕರಾರನ್ನು ನವೀಕರಿಸಿತು. 2015ರ ಟ್ವೈಸ್ ತಂಡದ ಒಂಬತ್ತು ಮಂದಿಯೂ 2022ರಲ್ಲಿ ಮತ್ತೆ ಸಹಿ ಹಾಕಿದರು. ಬಿಟ್ಟುಹೋಗಬಹುದಾದವರು ಉಳಿದಾಗ ಆ ಉಳಿಯುವಿಕೆಗೆ ಬೇರೆಯೇ ಘನತೆ ಇರುತ್ತದೆ.

ಎಲ್ಲವೂ ಸರಿಹೋಯಿತೆಂದಲ್ಲ. ವಿದೇಶದ ಚಟುವಟಿಕೆಗೆಂದು ಏಳರ ಮೇಲೆ ಮೂರು ವರ್ಷ ಸೇರಿಸಿ ಹತ್ತು ಮಾಡುವ ಪದ್ಧತಿ ಬಂದಿತು. 2014ರಿಂದ ಎಕ್ಸೋ ತಂಡದ ಚೀನೀ ಗಾಯಕರು ಒಬ್ಬೊಬ್ಬರಾಗಿ ಹೊರನಡೆದಾಗ ಚರ್ಚೆಗೆ ಬಂದದ್ದು ಅಂಥ ಹತ್ತು ವರ್ಷದ ಕರಾರುಗಳು. ಕಿರಿಯರ ದುಡಿಮೆಗೆ 2014ರಲ್ಲಿ ಕಾಯ್ದೆಯ ಮಿತಿ ಬಂತು: ಹದಿನೈದಕ್ಕಿಂತ ಕಿರಿಯರಿಗೆ ವಾರಕ್ಕೆ 35 ಗಂಟೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 40 ಗಂಟೆ. ತರಬೇತಿಯಲ್ಲಿರುವವರ ಕರಾರುಗಳಲ್ಲಿದ್ದ ಭಾರಿ ದಂಡದ ಷರತ್ತುಗಳನ್ನು ಆಯೋಗ 2017ರಲ್ಲಿ ಎಂಟು ಸಂಸ್ಥೆಗಳಿಂದ ತಿದ್ದಿಸಿತು. ನ್ಯಾಯಾಲಯಗಳು ಸದಾ ಗಾಯಕರ ಕಡೆಗೇ ನಿಂತಿವೆ ಎಂದೂ ಇಲ್ಲ. 2023ರಲ್ಲಿ ಫಿಫ್ಟಿ ಫಿಫ್ಟಿ ತಂಡದ ಅರ್ಜಿ ವಜಾ ಆಯಿತು. ನ್ಯೂಜೀನ್ಸ್ ತಂಡದ ವಿಚಾರದಲ್ಲಿ 2025ರ ಅಕ್ಟೋಬರ್‌ನಲ್ಲಿ ಕರಾರು ಸಿಂಧುವೆಂದೇ ತೀರ್ಪು ಬಂದಿತು. ಆ ಎರಡೂ ಪ್ರಕರಣಗಳಲ್ಲಿ ವಾದ ನಡೆದದ್ದು ಮುಖ್ಯವಾಗಿ ಸಂಸ್ಥೆ ತನ್ನ ಹೊಣೆ ನಿಭಾಯಿಸಿತೇ, ನಂಬಿಕೆ ಉಳಿದಿದೆಯೇ ಎಂಬುದರ ಮೇಲೆ. ಹದಿಮೂರು ವರ್ಷ ನ್ಯಾಯವೇ ಎಂಬ ಪ್ರಶ್ನೆ ಕೇಳುವ ಪ್ರಮೇಯ ಅಲ್ಲಿ ಬರಲಿಲ್ಲ.

ಟಿವಿಎಕ್ಸ್‌ಕ್ಯೂ ಹೆಸರಿನಲ್ಲಿ ಯುನ್ಹೋ ಮತ್ತು ಚಾಂಗ್‌ಮಿನ್ 2023ರ ಡಿಸೆಂಬರ್ 26ರಂದು ತಮ್ಮ ಇಪ್ಪತ್ತನೆಯ ವರ್ಷದ ಆಲ್ಬಂ ಹೊರತಂದರು, ಅದೇ ಎಸ್‌ಎಂ ಸಂಸ್ಥೆಯಿಂದ. ಜೇಜುಂಗ್ ಅದೇ ವರ್ಷ ಇನ್‌ಕೋಡ್ ಎಂಬ ಸಂಸ್ಥೆಯನ್ನು ಜೊತೆಗಾರರೊಡನೆ ಆರಂಭಿಸಿ, 2024ರಲ್ಲಿ ಸೇ ಮೈ ನೇಮ್ ಎಂಬ ಹುಡುಗಿಯರ ತಂಡವನ್ನು ವೇದಿಕೆಗೆ ತಂದರು. ಕಿರಿಯರ ಮುಂದೆ ಕರಾರಿನ ಕಾಗದ ಇಡುವ ಸರದಿ ಈಗ ಅವರದು. 2024ರ ನವೆಂಬರ್‌ನಲ್ಲಿ ಜೇಜುಂಗ್ ಮತ್ತು ಜುನ್ಸು ಸಿಯೋಲ್‌ನಲ್ಲಿ ಜೊತೆಯಾಗಿ ಹಾಡಿದರು, ಐವರಿದ್ದ ಕಾಲದ ಹಾಡುಗಳನ್ನೂ ಹಾಡಿದರು.